ಗರ್ಭಕೋಶದ ಜೊತೆ ಓವರಿನೂ (ಅಂಡಾಶಯ) ತೆಗೆಸ್ಬೇಕಾ? ಪಿಸಿಓಎಸ್ ಇದೆ, ವಯಸ್ಸು 41, ಹಾಸನ

ಹೇಮಾವತಿ ದಂಡೆ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ, ರಾತ್ರಿ ನಿದ್ದೆ ಬರ್ತಿಲ್ಲ, ಇದೇ ಯೋಚನೆ.

ನಂಗೀಗ 41. ಗಂಡನ ಮನೆ ಆಲೂರು ಕಡೆ, ಮಕ್ಕಳ ಓದಿಗೋಸ್ಕರ ಹಾಸನದಲ್ಲಿದೀವಿ. ಪಿಸಿಓಎಸ್ (ಹಾರ್ಮೋನ್ ಏರುಪೇರಿನ ತೊಂದ್ರೆ) ಅಂತ ಗೊತ್ತಾಗಿದ್ದು 22ನೇ ವಯಸ್ಸಲ್ಲಿ, ಆಗ ಮೂರ್ನಾಲ್ಕು ತಿಂಗಳಿಗೊಂದ್ಸಲ ಮುಟ್ಟಾಗ್ತಿದ್ದೆ, ಗದ್ದದಲ್ಲಿ ಕೂದಲು, ಕುತ್ತಿಗೆ ಹಿಂದೆ ಕಪ್ಪು, ತೂಕ ಅಂತೂ ಏನು ಮಾಡಿದ್ರೂ ಇಳೀತಿರ್ಲಿಲ್ಲ. ಮಾತ್ರೆ ಇಂಜೆಕ್ಷನ್ ಎಲ್ಲಾ ತಗೊಂಡು ಇಬ್ರು ಮಕ್ಕಳಾದ್ರು, ಅದೇ ದೊಡ್ಡದು. ಆಮೇಲೆ ಸ್ವಲ್ಪ ವರ್ಷ ಸುಮ್ನಿತ್ತು.

ಈ ಎರಡು ವರ್ಷದಿಂದ ಉಲ್ಟಾ. ಶುರುವಾದ್ರೆ ಹದಿನೈದು ಇಪ್ಪತ್ತು ದಿನ ನಿಲ್ಲಲ್ಲ, ಗಡ್ಡೆ ಗಡ್ಡೆಯಾಗಿ ಹೋಗತ್ತೆ. ಹೋದ ವರ್ಷ ಹಾಸನಾಂಬೆ ದರ್ಶನಕ್ಕೆ ಬೆಳಗಿನ ಜಾವ ಕ್ಯೂನಲ್ಲಿ ನಿಂತಿದ್ದೆ, ಡೇಟ್ ಅಲ್ಲ ಏನಲ್ಲ, ಇದ್ದಕ್ಕಿದ್ದಂಗೆ ಶುರುವಾಗಿ ಲಂಗ ದಾಟಿ ಸೀರೆಗೆ ಬಂದು ಪಾದದ ತನಕ ಇಳೀತು, ಅಕ್ಕ ತನ್ನ ಶಾಲು ಬಿಚ್ಚಿ ನನ್ನ ಸೊಂಟಕ್ಕೆ ಸುತ್ತಿ ಅಷ್ಟು ಜನದ ಮಧ್ಯೆ ಹಿಂದಕ್ಕೆ ಕರ್ಕೊಂಡು ಬಂದ್ಲು. ಅವತ್ತೇ ಅಂದ್ಕೊಂಡೆ ಇದಕ್ಕೊಂದು ಕೊನೆ ಕಾಣಿಸ್ಬೇಕು ಅಂತ. ಹಿಮೋಗ್ಲೋಬಿನ್ 7.8 ಇತ್ತು. ಸ್ಕ್ಯಾನಿಂಗಲ್ಲಿ ಅಡಿನೋಮಯೋಸಿಸ್ (ಒಳಪದರ ಗರ್ಭಕೋಶದ ಗೋಡೆಯೊಳಗೆ ಬೆಳೆಯೋದು), ಗರ್ಭಕೋಶ ಮೂರು ತಿಂಗಳ ಬಸುರಿಯಷ್ಟು ಊದಿದೆ, ಒಳಪದರ 16 ಮಿಲಿಮೀಟರ್ ದಪ್ಪ, ಎರಡೂ ಓವರಿಯಲ್ಲಿ ಸಣ್ಣ ಸಣ್ಣ ನೀರುಗುಳ್ಳೆ ಅಂತ ಬಂತು. ಬ್ಲೀಡಿಂಗ್ ನಿಲ್ಲೋ ಮಾತ್ರೆ ಆಯ್ತು, ಹಾರ್ಮೋನ್ ಮಾತ್ರೆ ಆಯ್ತು, ಹಾರ್ಮೋನ್ ಇರೋ ಲೂಪ್ ಹಾಕಿದ್ರು ಅದು ನಾಲ್ಕೇ ತಿಂಗಳಿಗೆ ಬ್ಲೀಡಿಂಗ್ ಜೊತೆ ಜಾರಿ ಬಂದ್ಬಿಡ್ತು. ಹಂಗಾಗಿ ಗರ್ಭಕೋಶ ತೆಗೆಸೋದಕ್ಕೆ ನಾನು ರೆಡಿ, ಅದರ ಬಗ್ಗೆ ನಂಗೆ ಎರಡು ಮನಸ್ಸಿಲ್ಲ.

ಎರಡು ಮನಸ್ಸಿರೋದು ಓವರಿ ಬಗ್ಗೆ. ಡಾಕ್ಟ್ರು ಹೇಳಿದ್ದು ಹೆಂಗೆ ಅಂದ್ರೆ, ಹೇಗೂ ಪಿಸಿಓಎಸ್ ಇರೋ ಓವರಿ, ಮಕ್ಕಳೂ ಆಗಿದಾವೆ, ಇಟ್ಕೊಂಡು ಏನ್ಮಾಡ್ತೀರ, ನಾಳೆ ಕ್ಯಾನ್ಸರ್ ಗಿನ್ಸರ್ ಆದ್ರೆ ಮತ್ತೆ ಹೊಟ್ಟೆ ಕೊಯ್ಯೋದು ಯಾಕೆ, ಒಟ್ಟಿಗೆ ತೆಗೆದುಬಿಡೋಣ ಅಂತ. ಓವರಿ ಕ್ಯಾನ್ಸರ್ ಸುಳಿವಿಗೆ ಮಾಡೋ ಸಿಎ-125 ಅನ್ನೋ ರಕ್ತ ಪರೀಕ್ಷೆ 48 ಬಂದಿದೆ, 35ರ ಒಳಗಿರ್ಬೇಕಂತೆ. ಅದೂ ಅಲ್ದೆ ನಮ್ಮ ಚಿಕ್ಕಮ್ಮ, ಅಮ್ಮನ ತಂಗಿ, 2009ರಲ್ಲಿ ಹೊಟ್ಟೆ ಒಳಗಿನ ಕ್ಯಾನ್ಸರಲ್ಲಿ ಹೋದ್ರು. ಯಾವ ಭಾಗದ್ದು ಅಂತ ಮನೇಲಿ ಯಾರೂ ಬಾಯ್ಬಿಟ್ಟು ಹೇಳ್ಲಿಲ್ಲ. ಇದನ್ನೆಲ್ಲಾ ಕೇಳಿ ಭಯ ಆಗಿ ಹೂಂ ಅಂದು ಬಂದೆ. ಚೀಟೀಲಿ ಟಿಎಎಚ್ ಪ್ಲಸ್ ಬಿಎಸ್‌ಓ ಅಂತ ಬರೆದಿದಾರೆ, ಅಂದ್ರೆ ಹೊಟ್ಟೆ ಕೊಯ್ದು ಗರ್ಭಕೋಶ, ಜೊತೆಗೆ ಟ್ಯೂಬು ಓವರಿ ಎಲ್ಲಾ ತೆಗೆಯೋದು.

ಅತ್ತೆ ಎಲ್ಲಾ ತೆಗೆಸಿ ಹಾಕು ಒಂದೇ ಸಲ ಕಾಟ ತಪ್ಪತ್ತೆ ಅಂತಾರೆ. ಅಕ್ಕ ಬೇಡ್ವೇ ಬೇಡ ಅಂತಾಳೆ. ಮನೆಯವರು ನಿನ್ನ ಮೈ ನಿನ್ನಿಷ್ಟ ಅಂತಾರೆ, ಅದೂ ಕಷ್ಟವೇ.

ನಂಗೆ ತಿಳ್ಕೋಬೇಕಾಗಿರೋದು, ಓವರಿ ತೆಗೆದ್ರೆ ಪಿಸಿಓಎಸ್ ಹೋಗತ್ತಾ? ಈ ಕೂದಲು, ತೂಕ, ಶುಗರ್ ಬರೋ ಭಯ ಎಲ್ಲಾ ಮುಗೀತಾ? ತೆಗೆಸಿದವರು ಈಗ ಹೇಗಿದೀರ? ಇಟ್ಕೊಂಡವರಿಗೆ ಆಮೇಲೆ ತೊಂದ್ರೆ ಆಯ್ತಾ? ಆಪರೇಷನ್‌ಗೆ ಇನ್ನು 18 ದಿನ ಇದೆ.

---

ಮೂಡಿಗೆರೆ ಅಕ್ಕ:

ತಂಗಿ, ನಿನ್ನ ಪೋಸ್ಟ್ ಓದಿ ಎಂಟು ವರ್ಷದ ಹಿಂದಿನ ನಾನೇ ಬರೆದಿದ್ದು ಅನ್ನಿಸ್ತು. ನಂಗೂ ಪಿಸಿಓಎಸ್, ಗರ್ಭಕೋಶದ ಗಡ್ಡೆ (ಫೈಬ್ರಾಯ್ಡ್) ಬೇರೆ ಇತ್ತು. 39ಕ್ಕೆ ಗರ್ಭಕೋಶ, ಟ್ಯೂಬು, ಎರಡೂ ಓವರಿ ಎಲ್ಲಾ ತೆಗೆಸ್ದೆ. ಯಾರೂ ಬಲವಂತ ಮಾಡ್ಲಿಲ್ಲ, ಆದ್ರೆ ಓವರಿ ಇದ್ರೆ ಏನು ಹೋದ್ರೆ ಏನು ಅಂತ ಯಾರೂ ಕೂರಿಸಿ ಹೇಳ್ಲೂ ಇಲ್ಲ ಮಾರಾಯ್ತಿ.

ಆಪರೇಷನ್ ಆಗಿದ್ದು ನವೆಂಬರಲ್ಲಿ. ಡಿಸೆಂಬರ್ ಕೊನೆಗೆ ತೋಟದಲ್ಲಿ ಅರೇಬಿಕಾ ಹಣ್ಣು ಕೊಯ್ಯೋ ಟೈಮು, ಬೆಳಗ್ಗೆ ಆರೂವರೆಗೆ ಮಂಜು ಹೆಂಗಿರತ್ತೆ ನಿಂಗೆ ಗೊತ್ತು, ಆಳುಗಳೆಲ್ಲಾ ಕಂಬಳಿ ಹೊದ್ದು ಬಂದು ನಿಂತಿರ್ತಿದ್ರು, ನಾನು ಮಾತ್ರ ಸ್ವೆಟರ್ ಕಿತ್ತು ಬಿಸಾಕಿ ತೆಳು ಬ್ಲೌಸಲ್ಲಿ ನಿಂತು ಬೆವರು ಒರೆಸ್ಕೋತಿದ್ದೆ. ಎದೆಯಿಂದ ಏಳತ್ತೆ ಅದು, ಕುತ್ತಿಗೆ ಕಿವಿ ಮುಖ ಕೆಂಪಾಗಿ ಬೆಂಕಿ ಹತ್ತಿದಂಗೆ, ಎರಡು ನಿಮಿಷಕ್ಕೆ ಇಳಿದು ಮತ್ತೆ ಚಳಿ. ದಿನಕ್ಕೆ ಹದಿನೈದು ಸಲ. ರಾತ್ರಿ ಹಾಸಿಗೆ ಒದ್ದೆ. ವಯಸ್ಸಾದ ಮೇಲೆ ತಾನಾಗೇ ಮುಟ್ಟು ನಿಲ್ಲೋರಿಗೆ ಹಾರ್ಮೋನ್ ವರ್ಷಗಟ್ಲೆ ಮೆಲ್ಲಗೆ ಇಳಿಯತ್ತೆ, ನಂಗೆ ಒಂದೇ ದಿನಕ್ಕೆ ಸ್ವಿಚ್ ಆಫ್ ಮಾಡಿದಂಗೆ ಆಯ್ತು. ಸುಮ್ಸುಮ್ನೆ ಅಳು, ಮನೆಯವರ ಮೇಲೆ ರೇಗೋದು, ಒಳಗೆಲ್ಲಾ ಒಣಗಿ ಗಂಡ ಹತ್ರ ಬಂದ್ರೆ ನೋವು, ಇದನ್ನ ಯಾರ ಹತ್ರ ಹೇಳೋದು.

ಆರು ತಿಂಗಳು ಹಂಗೇ ತಡ್ಕೊಂಡೆ. ಆಮೇಲೆ ಬೇರೆ ಡಾಕ್ಟ್ರು ಈಸ್ಟ್ರೋಜನ್ ಜೆಲ್ ಕೊಟ್ರು, ತೋಳಿಗೆ ಹಚ್ಚೋದು. ಮೂರು ವಾರದಲ್ಲಿ ಮನುಷ್ಯಳಾದೆ. ಗರ್ಭಕೋಶ ಇಲ್ದೆ ಇರೋದ್ರಿಂದ ಬರೀ ಈಸ್ಟ್ರೋಜನ್ ಸಾಕು, ಪ್ರೊಜೆಸ್ಟರೋನ್ ಬೇಡ ಅಂದ್ರು. ನಲವತ್ತಕ್ಕೆ ಮೊದ್ಲೇ ತೆಗೆಸಿದವರು ಇದನ್ನ ಮಾಮೂಲಿ ಮುಟ್ಟು ನಿಲ್ಲೋ ವಯಸ್ಸಿನ ತನಕ ತಗೋಬೇಕಂತೆ, ಮೂಳೆಗೆ ಹೃದಯಕ್ಕೆ ಅದೇ ಕಾವಲು. ಆದ್ರೂ ನಾನು ಮಧ್ಯ ಒಂದೂವರೆ ವರ್ಷ ಬಿಟ್ಟಿದ್ದೆ, 45ಕ್ಕೆ ಮೂಳೆ ಗಟ್ಟಿತನ ನೋಡೋ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಟಿ ಸ್ಕೋರ್ ಮೈನಸ್ 2.1 ಬಂತು. ಮೈನಸ್ 2.5 ಆದ್ರೆ ಮೂಳೆ ಸವೆತ ಅಂತ್ಲೇ ಲೆಕ್ಕ.

ಇನ್ನು ನಿನ್ನ ಪ್ರಶ್ನೆ. ಗದ್ದದ ಕೂದಲು ಕಮ್ಮಿ ಆಯ್ತಾ ಅಂದ್ರೆ ಆಯ್ತು, ಸುಳ್ಳು ಹೇಳಲ್ಲ, ಹೊಸದಾಗಿ ಬರೋದು ತೆಳ್ಳಗಾಯ್ತು, ಆದ್ರೆ ಆಗ್ಲೇ ದಪ್ಪ ಬೇರು ಬಿಟ್ಟಿದ್ದು ಹಂಗೇ ಇದೆ, ಥ್ರೆಡ್ಡಿಂಗ್ ತಪ್ಪಿಲ್ಲ. ತೂಕ ಇಳೀಲಿಲ್ಲ, ಮೊದಲನೇ ವರ್ಷವೇ ಆರು ಕೇಜಿ ಏರ್ತು. ಶುಗರ್ ಮೂರನೇ ವರ್ಷಕ್ಕೆ ಬಂತು, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಎಚ್‌ಬಿಎ1ಸಿ 6.8. ಓವರಿ ಹೋಯ್ತು, ಪಿಸಿಓಎಸ್‌ನ ಮುಖ್ಯ ಭಾಗ ಮೈಯಲ್ಲೇ ಉಳೀತು. ಇದು ನನ್ನ ಅನುಭವ.

---

ಓಟಿ ಸಿಸ್ಟರ್:

ನಾನು ಹಾಸನದಲ್ಲಿ 14 ವರ್ಷದಿಂದ ಓಟಿ ನರ್ಸ್, ಡಾಕ್ಟ್ರಲ್ಲ. ಇಂಥ ಆಪರೇಷನ್ ಎಷ್ಟಕ್ಕೆ ನಿಂತಿದೀನಿ ಲೆಕ್ಕ ಇಲ್ಲ. ಮೂಡಿಗೆರೆ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ, ಅದು ಯಾಕೆ ಹಂಗೆ ಅಂತ ನಾನು ಹೇಳ್ತೀನಿ.

ಮೊದ್ಲು ಆ ನೀರುಗುಳ್ಳೆ ಅನ್ನೋ ಮಾತು. ಅವು ಗೆಡ್ಡೆ ಅಲ್ಲ, ಕ್ಯಾನ್ಸರ್ ಆಗೋ ಗಂಟೂ ಅಲ್ಲ. ಪ್ರತಿ ತಿಂಗಳು ಮೊಟ್ಟೆ ಬೆಳೆಯೋಕೆ ಶುರು ಮಾಡೋ ಸಣ್ಣ ಕೋಶಗಳು, ಪಿಸಿಓಎಸ್‌ನಲ್ಲಿ ಅವು ಅರ್ಧಕ್ಕೆ ನಿಂತ್ಬಿಡ್ತವೆ, ಅದಕ್ಕೆ ಸ್ಕ್ಯಾನಲ್ಲಿ ಮುತ್ತಿನ ಸರದ ತರ ಕಾಣತ್ತೆ. ಪಿಸಿಓಎಸ್ ಅಂದ್ರೆ ಓವರಿ ಒಂದರ ಕಾಯಿಲೆ ಅಲ್ಲ, ಇನ್ಸುಲಿನ್ ಸರಿಯಾಗಿ ಕೆಲ್ಸ ಮಾಡ್ದೆ ಇರೋದು, ಮಿದುಳಿಂದ ಬರೋ ಹಾರ್ಮೋನ್ ಏರುಪೇರು, ಮೂತ್ರಪಿಂಡದ ಮೇಲಿರೋ ಅಡ್ರಿನಲ್ ಗ್ರಂಥಿನೂ ಗಂಡು ಹಾರ್ಮೋನ್ ತಯಾರು ಮಾಡತ್ತೆ, ಎಲ್ಲಾ ಸೇರಿದ್ದು. 1935ರಲ್ಲಿ ಅಮೆರಿಕದ ಸ್ಟೈನ್ ಮತ್ತೆ ಲೆವೆಂಥಾಲ್ ಅನ್ನೋ ಇಬ್ರು ಡಾಕ್ಟ್ರು ಇದನ್ನ ಮೊದ್ಲು ವಿವರವಾಗಿ ಬರೆದಾಗ ಓವರಿಯಿಂದ ಒಂದು ಹೋಳು ಕತ್ತರಿಸಿ ತೆಗೆಯೋದೇ ಚಿಕಿತ್ಸೆ ಆಗಿತ್ತು. ತಪ್ಪೆಲ್ಲಾ ಓವರಿದೇ ಅನ್ನೋ ನಂಬಿಕೆ ಇನ್ನೂ ಹೋಗಿಲ್ಲ ನೋಡಿ. ತೆಗೆದ್ರೆ ಓವರಿಯಿಂದ ಬರೋ ಗಂಡು ಹಾರ್ಮೋನ್ ನಿಲ್ಲತ್ತೆ, ಇನ್ಸುಲಿನ್ ತೊಂದ್ರೆ ನಿಲ್ಲಲ್ಲ. ಉಲ್ಟಾ, ಪಿಸಿಓಎಸ್ ಇರೋರಿಗೆ ಶುಗರ್, ಕೊಲೆಸ್ಟ್ರಾಲ್, ಬಿಪಿ ಬರೋ ಸಾಧ್ಯತೆ ಮೊದ್ಲೇ ಜಾಸ್ತಿ, ಅದರ ಮೇಲೆ 41ಕ್ಕೇ ಈಸ್ಟ್ರೋಜನ್ ಕಿತ್ಕೊಂಡ್ರೆ ಹೃದಯಕ್ಕೆ ಎರಡು ಕಡೆಯಿಂದ ಹೊಡ್ತ. ನನ್ನ ಮನಸ್ಸಿಗೆ ಪಿಸಿಓಎಸ್ ಇರೋದೇ ಓವರಿ ಉಳಿಸ್ಕೊಳ್ಳೋಕೆ ಒಂದು ಕಾರಣ.

ಅಮೆರಿಕದಲ್ಲಿ ನರ್ಸಸ್ ಹೆಲ್ತ್ ಸ್ಟಡಿ ಅಂತ ನಮ್ಮಂಥ ನರ್ಸ್‌ಗಳನ್ನೇ ಹತ್ತಾರು ವರ್ಷ ಹಿಂಬಾಲಿಸಿ ನೋಡಿದಾರೆ. ಕ್ಯಾನ್ಸರ್ ಅಲ್ಲದ ಕಾರಣಕ್ಕೆ ಗರ್ಭಕೋಶ ತೆಗೆಸಿದ 29,380 ಜನರ ಲೆಕ್ಕ 2009ರಲ್ಲಿ ಬಂತು. ಎರಡೂ ಓವರಿ ತೆಗೆಸಿದವರಿಗೆ ಓವರಿ ಕ್ಯಾನ್ಸರ್, ಸ್ತನ ಕ್ಯಾನ್ಸರ್ ಕಮ್ಮಿ ಆಯ್ತು, ಆದ್ರೆ ಹೃದಯದ ಕಾಯಿಲೆ ಜಾಸ್ತಿ ಆಗಿ ಒಟ್ಟು ಸಾವು ಇಟ್ಕೊಂಡವರಿಗಿಂತ ಜಾಸ್ತಿನೇ ಕಂಡಿತ್ತು. ಈಸ್ಟ್ರೋಜನ್ ತಗೊಳ್ದೇ ಇದ್ದ ಚಿಕ್ಕ ವಯಸ್ಸಿನವರಿಗೆ ಇದರ ಪೆಟ್ಟು ಹೆಚ್ಚು.

ಸಿಎ-125 ಬಗ್ಗೆ ದಯವಿಟ್ಟು ನಿದ್ದೆ ಕೆಡಿಸ್ಕೋಬೇಡಿ. ಅಡಿನೋಮಯೋಸಿಸ್ ಇದ್ರೆ ಏರತ್ತೆ, ಎಂಡೋಮೆಟ್ರಿಯೋಸಿಸ್ (ಒಳಪದರದಂಥದ್ದು ಗರ್ಭಕೋಶದ ಹೊರಗೆ ಬೆಳೆಯೋದು) ಇದ್ರೆ ಏರತ್ತೆ, ಮುಟ್ಟಿನ ದಿನ ರಕ್ತ ಕೊಟ್ರೂ ಏರತ್ತೆ. ಸ್ಕ್ಯಾನಲ್ಲಿ ಓವರಿಯಲ್ಲಿ ಗಟ್ಟಿ ಭಾಗ, ಹೊಟ್ಟೇಲಿ ನೀರು ಅಂಥದ್ದೇನಾದ್ರೂ ಬರೆದಿದಾರಾ ನೋಡಿ. ಬರೀ ಸಣ್ಣ ಗುಳ್ಳೆ ಅಂತಿದ್ರೆ 48 ಅನ್ನೋದು ನಿಮ್ಮ ಗರ್ಭಕೋಶದ್ದೇ ಇರ್ಬೋದು ಅಂತ ಡಾಕ್ಟ್ರನ್ನ ಕೇಳಿ.

ನಿಮ್ಮ ಪೋಸ್ಟಲ್ಲಿ ನಂಗೆ ಗಾಬರಿ ಆಗಿದ್ದು ಬೇರೆ ವಿಷ್ಯಕ್ಕೆ. ಒಳಪದರ 16 ಮಿಲಿಮೀಟರ್, ಇಷ್ಟು ವರ್ಷದ ಪಿಸಿಓಎಸ್, ಆದ್ರೆ ಬಯಾಪ್ಸಿ (ಪದರದ ಚೂರು ತೆಗೆದು ಪರೀಕ್ಷೆ) ಮಾಡಿದಾರೆ ಅಂತ ಎಲ್ಲೂ ಬರೆದಿಲ್ಲ. ಪಿಸಿಓಎಸ್‌ನಲ್ಲಿ ಮೊಟ್ಟೆ ಎಷ್ಟೋ ತಿಂಗಳು ಬಿಡುಗಡೆ ಆಗಲ್ಲ, ಆಗ ಪ್ರೊಜೆಸ್ಟರೋನ್ ಬರಲ್ಲ, ಬರೀ ಈಸ್ಟ್ರೋಜನ್ ಬಿದ್ದು ಬಿದ್ದು ಒಳಪದರ ಹುಲ್ಲಿನ ತರ ಬೆಳೀತಾ ಹೋಗತ್ತೆ. ಪಿಸಿಓಎಸ್‌ನವರಿಗೆ ನಿಜವಾಗ್ಲೂ ಹೆಚ್ಚು ಬರೋದು ಈ ಒಳಪದರದ ಕ್ಯಾನ್ಸರ್, ಓವರಿದಲ್ಲ. ಆಪರೇಷನ್‌ಗೆ ಮೊದ್ಲೇ ಬಯಾಪ್ಸಿ ಆಗ್ಲೇಬೇಕು, ಒಪಿಡಿಯಲ್ಲೇ ತೆಳು ಕೊಳವೆ ಹಾಕಿ ಐದು ನಿಮಿಷದಲ್ಲಿ ತೆಗೀತಾರೆ. ಮಾಮೂಲಿ ಅಂತ ಬಂದ್ರೆ, ಇಲ್ಲಾ ಪದರ ದಪ್ಪಗಿದೆ ಆದ್ರೆ ಜೀವಕೋಶ ಕೆಟ್ಟಿಲ್ಲ ಅಂತ ಬಂದ್ರೆ ಓವರಿ ಉಳಿಸೋ ಮಾತು ಧೈರ್ಯವಾಗಿ ಆಡ್ಬೋದು. ಕೆಟ್ಟ ಜೀವಕೋಶ ಇದೆ ಅಂತ ಬಂದ್ರೆ ಲೆಕ್ಕ ಪೂರ್ತಿ ಬೇರೆ, ಆಗ ಕ್ಯಾನ್ಸರ್ ಆಪರೇಷನ್ ಮಾಡೋ ಡಾಕ್ಟ್ರ ಹತ್ರನೇ ಹೋಗಿ.

ಇನ್ನೊಂದು. ಬಿಎಸ್‌ಓ ಅಂದ್ರೆ ಎರಡೂ ಟ್ಯೂಬು ಎರಡೂ ಓವರಿ. ಓ ಅಕ್ಷರ ಬಿಟ್ಟು ಬರೀ ಬಿಎಸ್ ಅಂದ್ರೆ ಟ್ಯೂಬ್ ಮಾತ್ರ. ಓವರಿ ಕ್ಯಾನ್ಸರ್ ಅಂತ ನಾವು ಕರಿಯೋ ಅದರಲ್ಲಿ ಕೆಟ್ಟ ಜಾತೀದು ಬಹುಪಾಲು ಶುರುವಾಗೋದೇ ಟ್ಯೂಬಿನ ತುದೀಲಿ, ಕೈಬೆರಳಿನ ಹಾಗೆ ಇರತ್ತಲ್ಲ ಅಲ್ಲಿ. ಗರ್ಭಕೋಶ ಹೋದ ಮೇಲೆ ಟ್ಯೂಬಿಗೆ ಏನೂ ಕೆಲ್ಸ ಇಲ್ಲ, ಅದನ್ನ ತೆಗೆಸಿ ಓವರಿ ಉಳಿಸ್ಕೊಳ್ಳೋದು ಈಗ ಬಹಳ ಕಡೆ ಮಾಡ್ತಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2010ರಿಂದಲೇ ಹಂಗೆ ಮಾಡಿ ಅಂತ ಡಾಕ್ಟ್ರುಗಳಿಗೆ ಹೇಳ್ತಾ ಬಂದಿದಾರೆ. ಈ ದಾರಿ ನಿಮಗೆ ಯಾರಾದ್ರೂ ಹೇಳಿದ್ರಾ?

---

ಚನ್ನರಾಯಪಟ್ಟಣ ಟೀಚರ್:

ನಾನು ಇಟ್ಕೊಂಡವಳು. ಪಿಸಿಓಎಸ್ ಇತ್ತು, 44ಕ್ಕೆ ಗರ್ಭಕೋಶ ಮತ್ತೆ ಟ್ಯೂಬ್ ತೆಗೆಸ್ದೆ, ಓವರಿ ಬಿಟ್ರು. ಈಗ 51.

ಚೆನ್ನಾಗಿದ್ದಿದ್ದು ಏನಂದ್ರೆ ಆಪರೇಷನ್ ಆಗಿ ಎರಡು ತಿಂಗಳಿಗೆ ಶಾಲೆಗೆ ಹೋದೆ, ಮೈ ಬಿಸಿ ಆಗೋದು ಅಳು ಅಂತೆಲ್ಲಾ ಏನೂ ಇರ್ಲಿಲ್ಲ. ಆದ್ರೆ ಎಲ್ಲಾ ಸುಖ ಅಂತ ಹೇಳಲ್ಲ. ಮುಟ್ಟು ಇಲ್ಲ ಆದ್ರೆ ಎದೆ ಭಾರ ಆಗೋದು, ಹೊಟ್ಟೆ ಉಬ್ಬರ, ಸಿಡಿಮಿಡಿ ತಿಂಗಳಿಗೊಂದ್ಸಲ ಬರೋದು, ಓವರಿ ತನ್ನ ಪಾಡಿಗೆ ಕೆಲ್ಸ ಮಾಡ್ತಿರತ್ತಲ್ಲ. 46ರಲ್ಲಿ ಬಲಗಡೆ ಓವರಿಯಲ್ಲಿ 5 ಸೆಂಟಿಮೀಟರ್ ನೀರಿನ ಚೀಲ ಅಂತ ಬಂತು, ಮನೇಲಿ ಎಲ್ರೂ ಅವತ್ತೇ ತೆಗೆಸಿದ್ರೆ ಆಗ್ತಿತ್ತು ಅಂತ ಶುರು ಮಾಡಿದ್ರು. ಡಾಕ್ಟ್ರು ಮೂರು ತಿಂಗಳು ಕಾಯೋಣ ಅಂದ್ರು, ತಾನಾಗೇ ಕರಗಿ ಹೋಯ್ತು. ಆ ಮೂರು ತಿಂಗಳು ನಾನು ಪಟ್ಟ ಭಯ ಮರೆಯೋ ಹಂಗಿಲ್ಲ. ಇಟ್ಕೊಳ್ಳೋರು ಇಂಥದ್ದಕ್ಕೆ ಮನಸ್ಸು ಗಟ್ಟಿ ಮಾಡ್ಕೊಂಡಿರ್ಬೇಕು, ಸ್ವಲ್ಪ ಜನಕ್ಕೆ ಮುಂದೆ ಎರಡನೇ ಆಪರೇಷನ್ ಬೇಕಾಗೋದೂ ಉಂಟು.

47 ಕಳೆದ ಮೇಲೆ ಬಿಸಿ ಬೆವರು ಮೆಲ್ಲಗೆ ಶುರುವಾಯ್ತು. ಓವರಿಗೆ ರಕ್ತ ಎರಡು ಕಡೆಯಿಂದ ಬರತ್ತಂತೆ, ಅದರಲ್ಲಿ ಗರ್ಭಕೋಶದ ಕಡೆದು ಆಪರೇಷನಲ್ಲಿ ಕಟ್ಟಾಗತ್ತೆ, ಹಂಗಾಗಿ ಇಟ್ಕೊಂಡ್ರೂ ಕೆಲವರಿಗೆ ಒಂದೆರಡು ಮೂರು ವರ್ಷ ಮೊದ್ಲೇ ನಿಲ್ಲತ್ತೆ ಅಂದ್ರು. ಮುಟ್ಟು ಇಲ್ದೆ ಇರೋದ್ರಿಂದ ಯಾವಾಗ ನಿಂತಿದ್ದು ಅಂತ ನಮಗೆ ಗೊತ್ತೂ ಆಗಲ್ಲ. ಮೈ ಹೇಳೋದನ್ನ ಗಮನಿಸ್ತಿರ್ಬೇಕು, ಅನುಮಾನ ಬಂದ್ರೆ ರಕ್ತ ಪರೀಕ್ಷೆ.

ಪಿಸಿಓಎಸ್ ಅಂತೂ ವಯಸ್ಸಾಗ್ತಾ ತಾನೇ ಸ್ವಲ್ಪ ಸಮಾಧಾನ ಆಗತ್ತೆ ಮೇಡಂ. ನಲವತ್ತು ದಾಟಿದ ಮೇಲೆ ಗಂಡು ಹಾರ್ಮೋನ್ ಇಳಿಯುತ್ತಾ ಹೋಗತ್ತೆ. ಶುಗರ್ ಮಾತ್ರ ಬಿಡಲ್ಲ, ನಾನು ಬೆಳಗ್ಗೆ ಸಂಜೆ ನಡಿಗೆ, ರಾತ್ರಿ ಅನ್ನ ಬಿಟ್ಟು ಮುದ್ದೆ, ಹಂಗೆ ಎಚ್‌ಬಿಎ1ಸಿ 6.1ರಲ್ಲಿ ನಿಲ್ಲಿಸಿದೀನಿ.

---

ಬಾಬಾಬುಡನ್ ನೆರಳು:

ಎಲ್ರೂ ಇಟ್ಕೋ ಇಟ್ಕೋ ಅಂತಿದೀರ, ಇನ್ನೊಂದು ಕಡೆದು ನಾನು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮಮ್ಮ ಓವರಿ ಕ್ಯಾನ್ಸರಲ್ಲಿ 54ಕ್ಕೆ ಹೋದ್ರು, ದೊಡ್ಡಮ್ಮ ಸ್ತನ ಕ್ಯಾನ್ಸರಲ್ಲಿ. ನಾನು ಚಿಕ್ಕಮಗಳೂರಿಂದ ಬೆಂಗಳೂರಿಗೆ ಹೋಗಿ ಬಿಆರ್‌ಸಿಎ ಜೀನ್ ಟೆಸ್ಟ್ ಮಾಡಿಸ್ದೆ, ಬಿಆರ್‌ಸಿಎ-1 ಪಾಸಿಟಿವ್ ಬಂತು. ಮಾಮೂಲಿ ಹೆಂಗಸರಿಗೆ ಜೀವಮಾನದಲ್ಲಿ ಓವರಿ ಕ್ಯಾನ್ಸರ್ ಬರೋದು ನೂರಕ್ಕೆ ಒಬ್ರ ಆಸುಪಾಸು, ಈ ಜೀನ್ ಇದ್ರೆ ನೂರಕ್ಕೆ 40 ಹತ್ರ ಹತ್ರ. ಓವರಿ ಕ್ಯಾನ್ಸರ್ ಕೊನೇ ತನಕ ಬಾಯೇ ಬಿಡಲ್ಲ, ಅಮ್ಮಂಗೆ ಗ್ಯಾಸ್ಟ್ರಿಕ್ ಅಂತ ಎಂಟು ತಿಂಗಳು ಮಾತ್ರೆ ನುಂಗಿಸಿದ್ವಿ ನಾವು. 38ಕ್ಕೆ ತೆಗೆಸ್ಕೊಂಡೆ, ಬಿಸಿ ಬೆವರು ನಂಗೂ ಬಂತು, ಆದ್ರೆ ಒಂದು ದಿನಾನೂ ಪಶ್ಚಾತ್ತಾಪ ಇಲ್ಲ, ರಾತ್ರಿ ನೆಮ್ಮದಿಯಾಗಿ ಮಲಗ್ತೀನಿ.

ಹಂಗಾಗಿ ನಿಮ್ಮ ಚಿಕ್ಕಮ್ಮಂಗೆ ಆಗಿದ್ದು ಯಾವ ಕ್ಯಾನ್ಸರ್ ಅಂತ ಮೊದ್ಲು ಪತ್ತೆ ಮಾಡಿ. ಹಳೇ ಫೈಲು ಯಾರ ಮನೇಲಾದ್ರೂ ಇದ್ದೇ ಇರತ್ತೆ. ಅದು ಗೊತ್ತಾಗದೆ ಇಡೋದೂ ತಪ್ಪು ತೆಗೆಸೋದೂ ತಪ್ಪು.

---

ಹೇಮಾವತಿ ದಂಡೆ:

ಎಲ್ರಿಗೂ ಕೈ ಮುಗಿದೆ. ಮೂಡಿಗೆರೆ ಅಕ್ಕ, ನಿಮ್ಮದು ಓದಿ ಅತ್ತುಬಿಟ್ಟೆ. ಸಿಸ್ಟರ್, ಬಯಾಪ್ಸಿ ಮಾಡಿರ್ಲಿಲ್ಲ, ಟ್ಯೂಬ್ ಮಾತ್ರ ತೆಗೆಯೋ ವಿಷ್ಯನೂ ಯಾರೂ ಹೇಳಿರ್ಲಿಲ್ಲ. ನಾಳೆನೇ ಬಯಾಪ್ಸಿ ಕೇಳ್ತೀನಿ. ಚಿಕ್ಕಮ್ಮನ ಮಗ ಆಲೂರಲ್ಲೇ ಇದಾನೆ, ಫೋನ್ ಮಾಡಿದೀನಿ, ಅಟ್ಟದ ಮೇಲೆ ಟ್ರಂಕಲ್ಲಿ ಹುಡುಕ್ತೀನಿ ಅಂದ.

ಒಂದು ಕೇಳ್ಲಾ, ಆಗ್ಲೇ ಹೂಂ ಅಂದು ಬಂದಿದೀನಲ್ಲ, ಈಗ ಬೇಡ ಅಂದ್ರೆ ಡಾಕ್ಟ್ರು ಬೇಜಾರು ಮಾಡ್ಕೊಳ್ಳಲ್ವಾ? ಮತ್ತೆ ಸೈನ್ ಮನೆಯವರು ಮಾಡ್ಬೇಕಾ ನಾನಾ?

---

ಓಟಿ ಸಿಸ್ಟರ್:

ಸೈನ್ ನಿಮ್ದೇ. ಗಂಡನ ಹತ್ರನೂ ಹಾಕಿಸ್ಕೋತಾರೆ ರೂಢಿಗೆ, ಆದ್ರೆ ಕಾನೂನಿಗೆ ಬೇಕಾಗಿರೋದು ವಯಸ್ಸಿಗೆ ಬಂದ ರೋಗಿಯ ಒಪ್ಪಿಗೆ. 2008ರಲ್ಲಿ ಸಮೀರಾ ಕೊಹ್ಲಿ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದ್ದು. ಅವರು ಒಪ್ಪಿದ್ದು ದುರ್ಬೀನು ಹಾಕಿ ನೋಡೋದಕ್ಕೆ, ಅರಿವಳಿಕೆಯಲ್ಲಿದ್ದಾಗ ತಾಯಿ ಒಪ್ಪಿಗೆ ತಗೊಂಡು ಗರ್ಭಕೋಶ ಓವರಿ ಎಲ್ಲಾ ತೆಗೆದಿದ್ರು. ಜೀವಕ್ಕೆ ಅಪಾಯ ಇಲ್ದೆ ಇರುವಾಗ ರೋಗಿಯನ್ನ ಕೇಳ್ದೆ ಹೆಚ್ಚಿಗೆ ತೆಗೆಯೋ ಹಂಗಿಲ್ಲ, ಬೇರೆಯವರ ಒಪ್ಪಿಗೆ ನಡೆಯಲ್ಲ ಅಂತ ಕೋರ್ಟ್ ಹೇಳ್ತು.

ಡಾಕ್ಟ್ರು ಬೇಜಾರಾಗ್ತಾರೆ ಅಂತ ಹೆದ್ರಬೇಡಿ. ಅವರು ಕೆಟ್ಟವರಲ್ಲ, ದಿನಕ್ಕೆ ಎಂಬತ್ತು ಜನ ನೋಡ್ತಾರೆ, ಹೂಂ ಅಂದವರಿಗೆ ಮುಂದೆ ಹೇಳಕ್ಕೆ ಟೈಮ್ ಇರಲ್ಲ. ನೀವು ಕೂತು ಕೇಳಿದ್ರೆ ಹೇಳೇ ಹೇಳ್ತಾರೆ. ಸಮಾಧಾನ ಆಗ್ಲಿಲ್ಲ ಅಂದ್ರೆ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ನಮ್ಮೂರಲ್ಲೇ ಇದೆ, ಒಪಿಡಿ ಚೀಟಿ ಮಾಡಿಸಿ ಇನ್ನೊಬ್ರ ಮಾತು ಕೇಳಿ. ಬಿಪಿಎಲ್ ಕಾರ್ಡ್ ಇದ್ರೆ ಆರೋಗ್ಯ ಮಿತ್ರ ಕೌಂಟರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆನೂ ವಿಚಾರಿಸ್ಕೊಳ್ಳಿ.

ಫಾರಂ ಬಂದಾಗ ಒಂದೊಂದು ಅಕ್ಷರ ಓದಿ. ಅಡ್ಮಿಟ್ ಆದ ರಾತ್ರಿ ಹನ್ನೊಂದಕ್ಕೆ ಎಬ್ಬಿಸಿ ಸೈನ್ ಹಾಕಿಸೋ ಕಡೆನೂ ಇದಾವೆ, ಹಂಗಾದ್ರೆ ಕನ್ನಡಕ ಹಾಕ್ಕೊಂಡು ದೀಪ ಹಾಕ್ಸಿ ಓದಿ, ಪರ್ವಾಗಿಲ್ಲ ಕಾಯ್ತಾರೆ. ಓವರಿ ನೋಡಕ್ಕೆ ಚೆನ್ನಾಗಿದ್ರೆ ಬಿಡ್ಬೇಕು, ಕೆಟ್ಟದ್ದು ಕಂಡ್ರೆ ಮಾತ್ರ ತೆಗೀಬೇಕು ಅಂತ ಬರೆಸಿ. ಟೇಬಲ್ ಮೇಲೆ ಏನು ಸಿಗತ್ತೆ ಅಂತ ಮೊದ್ಲೇ ಯಾರಿಗೂ ಗೊತ್ತಿರಲ್ಲ, ಆ ಬಾಗಿಲು ಪೂರ್ತಿ ಮುಚ್ಬೇಡಿ.

---

ಹೇಮಾವತಿ ದಂಡೆ:

ಹನ್ನೆರಡು ದಿನ ಆದ ಮೇಲೆ ಬರೀತಿದೀನಿ.

ಬಯಾಪ್ಸಿ ರಿಪೋರ್ಟ್ ಬಂತು. ಪದರ ದಪ್ಪ ಆಗಿದೆ, ಆದ್ರೆ ಕೆಟ್ಟ ಜೀವಕೋಶ ಇಲ್ಲ ಅಂತ ಬರೆದಿದಾರೆ. ಆ ಕವರ್ ಒಡೆಯೋವಾಗ ಕೈ ನಡುಗ್ತಿತ್ತು, ಮನೆಯವರೇ ಓದಿ ಹೇಳಿದ್ರು.

ಚಿಕ್ಕಮ್ಮನ ಫೈಲು ಸಿಕ್ತು. ಅವರ ಮದುವೆ ಸೀರೆ ಕೆಳಗೆ ಪ್ಲಾಸ್ಟಿಕ್ ಕವರಲ್ಲಿ ಕಿದ್ವಾಯಿ ಆಸ್ಪತ್ರೆ ಡಿಸ್ಚಾರ್ಜ್ ಚೀಟಿ, ಮಡಿಕೆ ಬಿದ್ದ ಕಡೆ ಹರಿದು ಹೋಗಿತ್ತು, ನುಸಿ ಗುಳಿಗೆ ವಾಸನೆ. ಅದರಲ್ಲಿ ಸರ್ವಿಕ್ಸ್ ಅಂತ ಇತ್ತು, ಗರ್ಭಕೋಶದ ಬಾಯಿದು. ಡಾಕ್ಟ್ರಿಗೆ ತೋರಿಸಿದೆ, ಇದು ವಂಶದಲ್ಲಿ ಬರೋ ಓವರಿ ಕ್ಯಾನ್ಸರ್ ತರ ಅಲ್ಲ, ಎಚ್‌ಪಿವಿ ಅನ್ನೋ ವೈರಸ್ಸಿಂದ ಬರೋದು ಅಂದ್ರು. ಹದಿನೈದು ವರ್ಷಕ್ಕೂ ಮೇಲೆ ಯಾರೂ ಆ ಹೆಸರು ಎತ್ತಿರ್ಲಿಲ್ಲ ನಮ್ಮನೇಲಿ. ನನ್ನ ಮಗಳಿಗೆ ಅದರ ಲಸಿಕೆ ಹಾಕಿಸ್ಬೇಕು ಅಂತ ಅವತ್ತೇ ನಿರ್ಧಾರ ಮಾಡ್ದೆ.

ಡಾಕ್ಟ್ರ ಹತ್ರ ಮನೆಯವರನ್ನೂ ಕೂರಿಸ್ಕೊಂಡು ಮಾತಾಡ್ದೆ. ಅರ್ಧ ಗಂಟೆ ಕೊಟ್ರು, ಸಿಟ್ಟೇನೂ ಮಾಡ್ಲಿಲ್ಲ. ನೀವು ಕ್ಯಾನ್ಸರ್ ಭಯ ಅಂದ್ರಲ್ಲ ಅದಕ್ಕೆ ತೆಗೆಯೋಣ ಅಂದೆ ಅಂದ್ರು, ಭಯ ಹುಟ್ಟಿದ್ದೇ ಅವರ ಮಾತಿಂದ, ಆದ್ರೆ ಅದನ್ನ ಅಲ್ಲಿ ಎತ್ಲಿಲ್ಲ. ಗರ್ಭಕೋಶ ಮತ್ತೆ ಎರಡು ಟ್ಯೂಬ್ ಮಾತ್ರ, ಓವರಿ ಕಣ್ಣಿಗೆ ಕೆಟ್ಟದಾಗಿ ಕಂಡ್ರೆ ಮಾತ್ರ ತೆಗೀಬೇಕು ಅಂತ ಒಪ್ಪಿಗೆ ಆಯ್ತು. ಚೀಟೀಲಿ ಓ ಅಕ್ಷರದ ಮೇಲೆ ಅವರೇ ಗೀಟು ಎಳೆದು ಪಕ್ಕದಲ್ಲಿ ಸೈನ್ ಹಾಕಿದ್ರು, ಆ ಚೀಟಿ ಫೋಟೋ ತೆಗೆದು ಅಕ್ಕಂಗೂ ಕಳಿಸ್ದೆ. ಎರಡು ಸಲ ಐರನ್ ಡ್ರಿಪ್ ಹಾಕಿದ ಮೇಲೆ ಹಿಮೋಗ್ಲೋಬಿನ್ 10.4 ಇದೆ. ಎಚ್‌ಬಿಎ1ಸಿ 6.0 ಬಂದಿದೆ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಮತ್ತೆ ಶುರು. ಅದು ಜೀವನಪರ್ಯಂತದ ಕೆಲ್ಸ ಅಂತ ಈಗ ಅರ್ಥ ಆಗಿದೆ.

ಅತ್ತೆಗೆ ಒಂದು ಸಂಜೆ ಪಕ್ಕ ಕೂತು ಎಲ್ಲಾ ಹೇಳ್ದೆ. ಸುಮ್ನೆ ಕೇಳಿಸ್ಕೊಂಡು ಆಮೇಲೆ, ನಂದು ಮೂವತ್ತಾರಕ್ಕೆ ಎಲ್ಲಾ ತೆಗೆದ್ರು ಕಣವ್ವ, ಆಮೇಲೆ ಬೇಸಿಗೆ ಯಾವ್ದು ಚಳಿಗಾಲ ಯಾವ್ದು ಗೊತ್ತಾಗ್ತಿರ್ಲಿಲ್ಲ, ನಾನು ಎಲ್ರಿಗೂ ಹಿಂಗೇ ಅಂದ್ಕೊಂಡಿದ್ದೆ ಅಂದ್ರು. ಸೊಂಟ ಮುರ್ಕೊಂಡಿದ್ದು 58ಕ್ಕೆ, ಬಚ್ಚಲಲ್ಲಿ ಜಾರಿ. ಅವರ ಮೂಳೆ ಸ್ಕ್ಯಾನ್‌ಗೂ ಬರೆಸ್ಕೊಂಡು ಬಂದಿದೀನಿ.

ಬುಧವಾರ ಸಂಜೆ ಅಡ್ಮಿಟ್. ಆಪರೇಷನ್ ಆದ ಮೇಲೆ ಮೊದಲ ವಾರ ಏನು ಜೋಪಾನ ಮಾಡ್ಬೇಕು ಅನುಭವ ಇರೋರು ಹೇಳಿ.

---

ಮೂಡಿಗೆರೆ ಅಕ್ಕ:

ಒಳ್ಳೇದಾಗ್ಲಿ ತಂಗಿ. ನಿಮ್ಮತ್ತೆ ಮಾತು ಓದಿ ಕಣ್ಣಲ್ಲಿ ನೀರು ಬಂತು.

ಎರಡನೇ ದಿನದಿಂದಲೇ ಎದ್ದು ನಡಿ, ನೋವಾದ್ರೂ ನಡಿ, ಇಲ್ಲಾಂದ್ರೆ ಗ್ಯಾಸ್ ಕಟ್ಕೊಂಡು ಪ್ರಾಣ ಹೋಗತ್ತೆ. ಕಾಲಿನ ಮೀನಖಂಡ ಊದಿ ನೋವು ಬಂದ್ರೆ, ಉಸಿರು ಕಟ್ಟಿದಂಗಾದ್ರೆ, ಕೆಟ್ಟ ವಾಸನೆ ಬಂದ್ರೆ, ಜ್ವರ ಬಂದ್ರೆ ಕಾಯ್ಬೇಡ ಆಸ್ಪತ್ರೆಗೆ ಹೋಗು. ಕೊಡ ಎತ್ತೋದು, ಬಗ್ಗಿ ಕಸ ಗುಡಿಸೋದು ಆರು ವಾರ ಇಲ್ವೇ ಇಲ್ಲ. ತಿಣುಕದಂಗೆ ಹೊಟ್ಟೆ ಸಲೀಸಾಗಿರ್ಲಿ, ಬಾಳೆಹಣ್ಣು, ಸೊಪ್ಪಿನ ಸಾರು, ನೀರು ಜಾಸ್ತಿ. ಕೆಮ್ಮು ಬಂದ್ರೆ, ನಗು ಬಂದ್ರೆ ಒಂದು ದಿಂಬು ಹೊಟ್ಟೆಗೆ ಒತ್ತಿ ಹಿಡ್ಕೋ. ಡಿಸ್ಚಾರ್ಜ್ ಆಗಿ ಕಾರಲ್ಲಿ ಬರೋವಾಗ ಸೀಟ್ ಬೆಲ್ಟ್ ಕೆಳಗೂ ಅದೇ ದಿಂಬು ಇಟ್ಕೋ, ಗುಂಡಿ ಬಂದಾಗ ಗೊತ್ತಾಗತ್ತೆ ಯಾಕೆ ಅಂದೆ ಅಂತ.